ಮೂರು ಮಿಲಿಮೀಟರ್

ಕತ್ತರಿಸುವ ಗೆರೆಯಾಚೆಗೂ ಮೂರು ಮಿಲಿಮೀಟರ್
ಬಣ್ಣ ಹರಿದಿರಬೇಕು. ಅದು ನಿಯಮ.
ಅಲಗು ಕೊಂಚ ಅತ್ತಿತ್ತ ಸರಿದರೂ
ಬಿಳಿ ಅಂಚು ಇಣುಕಬಾರದೆಂದು
ಬೀಳಲಿಕ್ಕೆಂದೇ ಅಚ್ಚು ಹಾಕುವ ಜಾಗ.
ರೂವಿಯ ಈ ಪ್ರೆಸ್ಸಿನಲ್ಲಿ ವಾರವೆಲ್ಲ
ನಾನು ದುಡಿಯುವುದು ಗೆರೆಯ ಒಳಗೆ.
ಗುರುವಾರ ಸಂಜೆ ಮಾತ್ರ, ಹೊರಗೆ.

ಹೇಳಿಯೇ ಬಿಡುತ್ತೇನೆ: ಹೋದ ವರ್ಷದಿಂದ
ವಾರದ ಕೊನೆಯ ಫೈಲಿನ ಆ ಅಂಚಿನಲ್ಲಿ
ಆರು ಪಾಯಿಂಟಿನ ಒಂದು ಕನ್ನಡ ಅಕ್ಷರ ಕೂರಿಸುತ್ತೇನೆ.
ಅ-ದಿಂದ ಶುರು. ವಾರಕ್ಕೊಂದು.
ಶಫೀಕುಲ್ ಪೆಡಲು ಒತ್ತುತ್ತಾನೆ, ಘಸಕ್ಕನೆ
ಚೂರುಪಾರಿನ ಜೊತೆ ಅದೂ ಗೋಣಿಚೀಲಕ್ಕೆ.
ಡೈರಿ ಬರೆಯುವ ಸೋಮಾರಿಗೆ ಇಷ್ಟು ಸಾಕು.

ಕ-ದ ವಾರ, ಫೋಟೋದ ಬಿರಿಯಾನಿಯಿಂದ
ಇನ್ನಷ್ಟು ಹಬೆ ಏಳಲಿ ಎಂದರು. ಏಳಿಸಿದೆ.
ಙ-ದ ವಾರ ಏನೂ ನಡೆಯಲಿಲ್ಲ, ಆ ಅಕ್ಷರದ ಹಾಗೆಯೇ.
ಠ-ದ ವಾರ ಸಂಬಳ ತಡ;
ಸೊನ್ನೆಯ ನಡುವೆ ಚುಕ್ಕೆಯಾಗಿ ಕೂತೆ.
ನ-ದ ವಾರ ಬ್ರೆಡ್ಡಿನ ಚೀಲದ ಮೇಲೆ
ಅರಬ್ಬಿಯ ಒಂದು ಚುಕ್ಕೆ ಬಿದ್ದುಹೋಗಿ
ಖುಬ್ಜ್ ಇದ್ದದ್ದು ಖಬರ್ ಆಯಿತು:
ಎರಡು ಸಾವಿರ ಚೀಲಗಳ ತುಂಬ
ಬಿಸಿಬಿಸಿ ಸುದ್ದಿ, ಹೋಳು ಮಾಡಿದ್ದು.
ತಿಂಗಳಿಡೀ ನಾವೇ ಅದರಲ್ಲಿ ಈರುಳ್ಳಿ ತಂದೆವು.

"ಇಲ್ಲಿ ಖಾಲಿ ಇದೆಯಲ್ಲ, ಏನಾದರೂ ಹಾಕಿ,
ಇಡೀ ಹಾಳೆಗೆ ದುಡ್ಡು ಕೊಟ್ಟಿದ್ದೇನೆ" ಎನ್ನುತ್ತಾರೆ.
ಕಿಟಕಿಯಾಚೆ ಬೆಟ್ಟಗಳು. ಒಂದು ಗರಿಕೆಯೂ ಇಲ್ಲ.
ಅವಕ್ಕೆ ಯಾರೂ ಹಾಗೆ ಹೇಳಿದ್ದು ಕೇಳಿಲ್ಲ.
ಗದಗಿನಲ್ಲಿ ಲಾರಿಯ ಹಿಂದೆ ಹೆಸರು ಬರೆಯುತ್ತಿದ್ದಾಗ
ಪೇಂಟರ್ ಮಲಕಾಜಪ್ಪ ಬೈಯುತ್ತಿದ್ದ:
"ಅಕ್ಷರಾ ಎಷ್ಟ್ ತಿದ್ದತೀಲೇ, ಅದರ ಸುತ್ತಲ ಗಾಳಿ ತಿದ್ದು."
ಗಿರಾಕಿಗೆ ಇದನ್ನು ಯಾವ ಭಾಷೆಯಲ್ಲಿ ಹೇಳಲಿ?
ಹೋಗಲಿ ಎಂದು ಒಂದು ಒಂಟೆ ಹಾಕುತ್ತೇನೆ.

ಕಳೆದ ಗುರುವಾರ ನಲವತ್ತೊಂಬತ್ತನೆಯದು, ಳ.
ಯಾವ ಪದವನ್ನೂ ತಾನಾಗಿ ಶುರು ಮಾಡದೆ
ನಡುವೆ ಎಲ್ಲೋ ನಾಲಿಗೆ ಮಡಚಿ ಕಾಯುವಂಥದ್ದು.
ಖರ್ಜೂರದ ಪೆಟ್ಟಿಗೆ, ಐನೂರು ಪ್ರತಿ.
ಮಗಳಿಗೆ ಜ್ವರವೆಂದು ರಾತ್ರಿಯೆಲ್ಲ ನೋವಾಖಾಲಿಗೆ ಫೋನು ಹಚ್ಚಿದ್ದ ಶಫೀಕುಲ್,
ಒಂದು ಅಟ್ಟಿ ಎರಡು ಮಿಲಿಮೀಟರ್ ಜರುಗಿತು.
ಯಾರೂ ನೋಡಲಿಲ್ಲ. ಅಲ್ ಹಮ್ರಾಕ್ಕೆ ಹೋಯಿತು.

ಮಂಗಳವಾರ ಬದ್ರಿಯಾ ಪೆಟ್ಟಿಗೆ ಹಿಡಿದೇ ಬಂದಳು.
ನನ್ನ ಹೊಟ್ಟೆಯೊಳಗೆ ಲೆಕ್ಕ: ಐನೂರು ಪೆಟ್ಟಿಗೆ, ಮರುಮುದ್ರಣ, ರಿಯಾಲು.
ಅವಳ ಬೆರಳು ಮೂಲೆಯಲ್ಲಿ ನಿಂತಿತು.
"ಏನಿದು? ಅಮ್ಮ ಬಸವನಹುಳು ಅನ್ನುತ್ತಾಳೆ,
ಅತ್ತಿಗೆ ಕಿವಿ ಅನ್ನುತ್ತಾಳೆ. ಅರ್ಥ ಏನು?"
ಅರ್ಥ ಇಲ್ಲ, ಬರೀ ಒಂದು ಸದ್ದು ಎಂದೆ.
ಹಾಗಾದರೆ ಮಾಡು ಎಂದಳು.

ಮಾಡಿದೆ. ಯಂತ್ರಗಳ ನಡುವೆ ನಿಂತು, ಜೋರಾಗಿ.
ಅವಳು ಯತ್ನಿಸಿದಳು, ಲ ಆಯಿತು.
ಶಫೀಕುಲ್ ಯತ್ನಿಸಿದ, ಅದೂ ಲ, ಇನ್ನೂ ತೆಳ್ಳಗೆ.
ಲೆಕ್ಕದ ಮೇಜಿನಿಂದ ತಲೆಯೆತ್ತದೆ ಸಜೀವನ್
ಸ್ವಚ್ಛವಾಗಿ ಉಚ್ಚರಿಸಿ, "ನಮ್ಮಲ್ಲೂ ಇದೆ" ಎಂದು
ಮತ್ತೆ ಇನ್‌ವಾಯ್ಸಿಗೆ ಇಳಿದ.
ಬಾಳೆ, ಗಾಳಿ, ಹೋಳಿಗೆ, ಬೆಳಗು:
ಆ ಮಧ್ಯಾಹ್ನ ನನ್ನಷ್ಟಕ್ಕೇ ಹೇಳಿಕೊಂಡೆ,
ಕೀಲಿ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿದ ಹಾಗೆ.

ಇವತ್ತು ಮತ್ತೆ ಗುರುವಾರ. ವರ್ಣಮಾಲೆ ಮುಗಿದಿದೆ.
ಬಳಕೆ ತಪ್ಪಿದ ಱ, ೞ ಇನ್ನೂ ಎರಡು ವಾರಕ್ಕೆ ಆದಾವು.
ಬದ್ರಿಯಾಳ ಹೊಸ ಆರ್ಡರು ತೆರೆದಿದೆ, ಕೆಳಗೆ ಒಂದು ಸಾಲು:
ಬಸವನಹುಳು ಇರಲಿ, ಅಮ್ಮ ಕೇಳುತ್ತಾಳೆ.
ಳ-ವನ್ನು ಹಿಡಿದು ಗೆರೆ ದಾಟಿಸಿ
ಒಳಗೆ ಎಳೆದು ಬಿಟ್ಟೆ.
ಅಲ್ಲಿ ಅದು ಯಾಕೋ ಸ್ವಲ್ಪ ದಪ್ಪ ಕಂಡಿತು.
ಅರ್ಧ ಪಾಯಿಂಟು ಇಳಿಸಿದೆ. ಸುತ್ತಲ ಗಾಳಿ ತಿದ್ದಿದೆ.